ಪೆಡಲಿನ ಒಳಮೂಲೆ

ಅತ್ತಿಬೆಲೆ
15 ಫೆಬ್ರವರಿ 2009, ಭಾನುವಾರ

ಅಪ್ಪಾ,

ಫೋನಿನಲ್ಲಿ ಮುಗಿಯುವ ಮಾತಿಗೆ ಕಾಗದ ಯಾಕೆ ಎಂದು ಅವ್ವ ಕೇಳಿದಳು. ಫೋನಿನಲ್ಲಿ ನಾನು ಹೇಳಿದ್ದನ್ನೆಲ್ಲ ಅವಳು ನಿನ್ನ ಕಿವಿಗೆ ಬಾಯಿಟ್ಟು ಕೂಗಬೇಕು, ಕೂಗಿದ್ದು ರಾಜಗೋಪಾಲನಗರದ ಅಷ್ಟೂ ವಠಾರಕ್ಕೆ ಕೇಳಬೇಕು. ಹೋದ ಸಲ ನನಗೆ ಜ್ವರ ಬಂದ ಸುದ್ದಿ ಕೆಳಗಿನ ಮನೆಯ ರಾಮಮ್ಮನಿಗೆ ನಿನಗಿಂತ ಮೊದಲೇ ತಿಳಿದಿತ್ತಂತೆ. ನೀನು ದಿನಪತ್ರಿಕೆಯನ್ನು ಜಾಹೀರಾತು ಸಮೇತ ಓದುವವನು. ನನ್ನ ಅಕ್ಷರವನ್ನೂ ಓದು.

ಕೆಲಸ ಒಗ್ಗುತ್ತಿದೆ. ಅಂಜನಮ್ಮ ಎಂಬುವರ ಮನೆಯ ಮಹಡಿಯಲ್ಲಿ ಒಂದು ಕೋಣೆ ಬಾಡಿಗೆಗೆ ಸಿಕ್ಕಿದೆ. ಅವರು ಇಲ್ಲಿನವರೇ. ಈಗ ಕಾರ್ಖಾನೆಗಳಿರುವ ಕಡೆ ಮೊದಲು ಅವರದು ಹುರುಳಿ ಹೊಲವಿತ್ತಂತೆ. ಮುದ್ದೆ ಮಾಡಿದ ದಿನ ನನ್ನನ್ನು ಬಿಟ್ಟು ಉಣ್ಣುವುದಿಲ್ಲ.

ನಾನು ಅಲ್ಲಿ ಏನು ಮಾಡುತ್ತೇನೆ ಎಂದು ನೀನು ಕೇಳಿದ್ದೆ. ದೊಡ್ಡ ಕಂಪನಿಯವರು ತಮಗೆ ಬೇಕಾದ ಬಿಡಿಭಾಗದ ಆಕಾರವನ್ನು ಕಂಪ್ಯೂಟರಿನಲ್ಲಿ ಬರೆದು ಫೈಲು ಕಳಿಸುತ್ತಾರೆ. ಅದನ್ನು ನಮ್ಮ ಕಂಪ್ಯೂಟರಿನೊಳಕ್ಕೆ ತಂದುಕೊಂಡು, ಆ ಆಕಾರವನ್ನು ಎರಕ ಹೊಯ್ಯಲು ಬೇಕಾದ ಡೈಯನ್ನು, ಅಂದರೆ ಅಚ್ಚನ್ನು, ನಾನು ಬರೆಯುತ್ತೇನೆ. ಕೆಳಗಿನ ಟೂಲ್ ರೂಮಿನವರು ಅದನ್ನು ಉಕ್ಕಿನಲ್ಲಿ ಕೊರೆಯುತ್ತಾರೆ. ತೊಂದರೆ ಏನೆಂದರೆ, ಅವರ ಸಾಫ್ಟ್‌ವೇರೇ ಬೇರೆ, ನಮ್ಮದೇ ಬೇರೆ. ದಾಟಿ ಬರುವಾಗ ಆಕಾರ ಮಾತ್ರ ಬರುತ್ತದೆ, ಅದನ್ನು ಹೇಗೆ ಕಟ್ಟಿದರು ಎಂಬುದು ಬರುವುದಿಲ್ಲ. ಒಮ್ಮೊಮ್ಮೆ ಆಕಾರವೂ ಪೂರ್ತಿ ಬರುವುದಿಲ್ಲ. ಎಲ್ಲೋ ಒಂದು ಚೂರು ಹೊರಮೈ ಬಿಟ್ಟುಹೋಗಿರುತ್ತದೆ, ಎರಡು ಅಂಚು ಕೂಡಿರುವುದಿಲ್ಲ.

ನಮ್ಮ ಡಿಸೈನ್ ವಿಭಾಗದ ಹಿರಿಯರು ಪರಮಾನಂದ ಸಾರ್. ಮೊದಲ ದಿನವೇ ಹೇಳಿದರು: “ನೋಡಮ್ಮ, ಹೊರಗಿಂದ ಬಂದ ಫೈಲು ಪಕ್ಕದ ಮನೆಯಿಂದ ತಂದ ಹಾಲು ಇದ್ದಂಗೆ. ಕಾಯಿಸ್ದೆ ಕುಡೀಬಾರ್ದು. ಇಂಚಲ್ಲಿದ್ಯಾ ಮಿಲಿಮೀಟರಲ್ಲಿದ್ಯಾ ನೋಡು. ಮೈಯೆಲ್ಲ ಮುಚ್ಚಿದ್ಯಾ ನೋಡು. ತೂಕ ಎಷ್ಟು ಬರುತ್ತೆ ಅಂತ ಅವರನ್ನೂ ಕೇಳು, ನೀನೂ ತೆಗಿ, ಎರಡೂ ಒಂದೇನಾ ನೋಡು. ಅವರ ಡ್ರಾಯಿಂಗ್ ಪಕ್ಕದಲ್ಲಿಟ್ಟುಕೊಂಡೇ ಮುಂದಕ್ಕೆ ಹೋಗು. ಬಂದ ಫೈಲನ್ನ ಹಾಗೇ ಎತ್ತಿಟ್ಟು, ನಕಲಿನ ಮೇಲೆ ಕೆಲಸ ಮಾಡು.” ಅವರು ಹೇಳಿದ್ದನ್ನೆಲ್ಲ ಪಾಲಿಸುತ್ತಿದ್ದೇನೆ. ಆದರೂ ಪ್ರತಿ ಫೈಲನ್ನು ಎರಡೆರಡು ಸಲ ತೆರೆದು ನೋಡುತ್ತೇನೆ.

ನಿನ್ನ ಕಂಪನಿ ಹೇಗಿದೆ? ಎಲ್ಲ ಕಡೆ ಆರ್ಡರ್ ಇಲ್ಲ ಎನ್ನುತ್ತಾರೆ. ಬರೆ.

ನಿನ್ನ ಮಗಳು,
ಶಿವಗಂಗಾ

•

ರಾಜಗೋಪಾಲನಗರ
3 ಮಾರ್ಚ್ 2009, ಮಂಗಳವಾರ

ಗಂಗವ್ವಾ,

ಕಾಗದ ತಲುಪಿತು. ಎರಡು ಸಲ ಓದಿದೆ. ಅವ್ವನಿಗೂ ಓದಿ ಹೇಳಿದೆ. ನನಗೆ ನನ್ನ ದನಿ ಕೇಳುವುದಿಲ್ಲವಾದ್ದರಿಂದ ಎಷ್ಟು ಜೋರಾಗಿ ಓದಿದೆನೋ ಗೊತ್ತಿಲ್ಲ. ಅವ್ವ ಕೈಯಿಂದ ಬಾಯಿ ಮುಚ್ಚಿಸಿದಳು.

ನಿನ್ನ ಕೆಲಸ ಕೇಳಿ ಸಂತೋಷವಾಯಿತು. ಕೂತು ಮಾಡುವ ಕೆಲಸ, ನೆರಳಿನ ಕೆಲಸ. ನಾನು ಲಿಂಗಸೂಗೂರಿನಿಂದ ಬಂದಾಗಿನಿಂದ ಕಾದ ಕಬ್ಬಿಣ ಬಡಿಯುವ ಫೋರ್ಜಿಂಗ್ ಸುತ್ತಿಗೆಯ ಪಕ್ಕ ನಿಂತು ಕಿವಿ ಕಳೆದುಕೊಂಡೆ. ನಿನಗೆ ಆ ಪಾಡಿಲ್ಲ.

ಒಂದು ಮಾತು. ಪೀಣ್ಯದಲ್ಲಿ ದಿನಕ್ಕೊಂದು ಶೆಡ್ಡಿನ ಬಾಗಿಲು ಮುಚ್ಚುತ್ತಿದೆ. ನನ್ನ ಜೊತೆಯ ಯಮನೂರನನ್ನು ಕಳಿಸಿಬಿಟ್ಟರು. ಅವನು ಸಾಮಾನು ಕಟ್ಟಿಕೊಂಡು ಹೆಂಡತಿಯ ತವರಿಗೆ ಹೋದ. ಯಾರನ್ನು ಕಳಿಸಬೇಕು ಎಂದು ಮಾಲಕರು ನೋಡುವಾಗ ಮೊದಲು ಕಣ್ಣಿಗೆ ಬೀಳುವುದು ಬಾಯಿ ಇರುವವರು. ಆದ್ದರಿಂದ ಹೇಳಿದ್ದನ್ನು ಮಾಡು. ಹೆಚ್ಚು ಕೇಳಬೇಡ. ನಿನ್ನ ಹೆಸರು ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಯಾರ ಬಾಯಲ್ಲೂ ಬರಬಾರದು.

ನನ್ನ ಕೆಲಸ ಪರವಾಗಿಲ್ಲ.

ಇದನ್ನು ಗ್ರಂಥಾಲಯದಲ್ಲಿ ಕೂತು ಬರೆಯುತ್ತಿದ್ದೇನೆ. ಬೆಳಗಿನ ಹೊತ್ತು ಇಲ್ಲಿ ಜನ ಕಡಿಮೆ, ಫ್ಯಾನಿನ ಕೆಳಗೆ ಜಾಗ ಸಿಗುತ್ತದೆ.

ಹೊತ್ತಿಗೆ ಉಣ್ಣು.
ಅಪ್ಪ, ಮರೆಪ್ಪ

•

ಅತ್ತಿಬೆಲೆ
12 ಏಪ್ರಿಲ್ 2009, ಭಾನುವಾರ

ಅಪ್ಪಾ,

ತಡವಾಯಿತು. ಈ ತಿಂಗಳು ಉಸಿರಾಡಲು ಬಿಡುವಿರಲಿಲ್ಲ.

ಹೊಸೂರಿನ ಕಡೆಯ ಒಂದು ವಾಹನ ಕಂಪನಿಯ ಕೆಲಸ ನಮಗೆ ಬಂದಿದೆ. ಅವರು ಸಣ್ಣ ವ್ಯಾನು ತಯಾರಿಸುತ್ತಾರೆ. ಅದರ ಬ್ರೇಕ್ ಪೆಡಲಿನ ತೋಳಿಗೆ ನಾವು ಡೈ ಮಾಡಿ, ಮೊದಲು ಪರೀಕ್ಷೆಗೆಂದು ಒಂದಿಷ್ಟು ತೋಳು ಎರಕ ಹೊಯ್ದು ಕೊಡಬೇಕು. ಅದು ಒಪ್ಪಿಗೆಯಾದರೆ ವರ್ಷಪೂರ್ತಿ ಆರ್ಡರ್. ನಮ್ಮ ಮಾಲೀಕರು ಸೋಮಪ್ಪನವರು ದಿನಕ್ಕೆ ಹಲವು ಸಲ ಮೇಲೆ ಬಂದು ನಮ್ಮ ಬೆನ್ನ ಹಿಂದೆ ನಿಲ್ಲುತ್ತಾರೆ. ಕೆಟ್ಟ ಮನುಷ್ಯನಲ್ಲ. ಕೆಳಗೆ ಶೆಡ್ಡಿನಲ್ಲಿ ಅರ್ಧ ಮಷೀನು ನಿಂತಿವೆ, ಅದು ಅವರ ಮುಖದಲ್ಲೇ ಕಾಣುತ್ತದೆ.

ಈ ಹೊತ್ತಿನಲ್ಲೇ ಪರಮಾನಂದ ಸಾರ್ ಅವರ ತಾಯಿಗೆ ಸೊಂಟ ಮುರಿದು ಅವರು ಊರಿಗೆ ಹೋದರು. ಫೈಲು ನನ್ನ ಮೇಜಿಗೆ ಬಂತು. ತೆರೆದರೆ ತೋಳಿನ ಬುಡದಲ್ಲಿ ಕೆಲವು ಮೈಗಳಿರಲಿಲ್ಲ. ಪರದೆಯ ಮೇಲೆ ಅಲ್ಲೆಲ್ಲ ಕೆಂಪು ಗೆರೆ. ಡ್ರಾಯಿಂಗ್ ಇನ್ನೂ ಬಂದಿರಲಿಲ್ಲ. ಡ್ರಾಯಿಂಗ್ ಕಳಿಸಿ, ತೂಕ ತಿಳಿಸಿ ಎಂದು ಅವರಿಗೆ ಮೇಲ್ ಹಾಕಿದೆ. ಉತ್ತರವಿಲ್ಲ.

ಪಕ್ಕದ ಮೇಜಿನ ಸಿದ್ಧಾರ್ಥ್ ಹೇಳಿದ: “ಎಷ್ಟು ದಿನ ಕಾಯ್ತೀಯಾ? ಆಟೋ ರಿಪೇರ್ ಕೊಡು. ಗ್ರೀನ್ ಟಿಕ್ ಬಂದ್ರೆ ಮುಗೀತು. ನಾವೆಲ್ಲ ಹಂಗೇ ಮಾಡೋದು.”

ಬಿಟ್ಟುಹೋದದ್ದನ್ನು ಕಂಪ್ಯೂಟರು ತಾನೇ ತುಂಬುವ ಗುಂಡಿ ಅದು. ಸೋಮಪ್ಪನವರೂ ಹಿಂದೆಯೇ ನಿಂತಿದ್ದರು. ಒತ್ತಿದೆ. ಕೆಂಪು ಗೆರೆಗಳೆಲ್ಲ ಹೋಗಿ ಹಸಿರು ಗುರುತು ಬಂತು. ಫೈಲು ಕೆಳಗೆ ಹೋಯಿತು. ಡೈ ಕೊರೆಯುತ್ತಿದ್ದಾರೆ.

ಎಲ್ಲ ಸರಿಯಿರಬೇಕು. ಸರಿಯಿದೆ ಎಂದು ಕಂಪ್ಯೂಟರೇ ಹೇಳಿತಲ್ಲ. ಆದರೂ ಊಟಕ್ಕೆ ಕೂತಾಗ ಆ ಕೆಂಪು ಗೆರೆಗಳೇ ನೆನಪಾಗುತ್ತವೆ. ಬಿಟ್ಟುಹೋದ ಜಾಗದಲ್ಲಿ ಅದು ಏನು ತುಂಬಿತೋ ನಾನು ಕೂತು ನೋಡಲಿಲ್ಲ.

ಗ್ರಂಥಾಲಯಕ್ಕೆ ವಾರದ ದಿನ ಬೆಳಿಗ್ಗೆ ಹೇಗೆ ಹೋದೆ ಅಪ್ಪ? ನಿನ್ನ ಪಾಳಿ ಬದಲಾಯಿತೆ?

ಗಂಗಾ

•

ಅತ್ತಿಬೆಲೆ
24 ಮೇ 2009, ಭಾನುವಾರ

ಅಪ್ಪಾ,

ನಿನ್ನಿಂದ ಕಾಗದ ಬರಲಿಲ್ಲ. ಆದರೂ ಬರೆಯುತ್ತಿದ್ದೇನೆ. ಇದನ್ನು ಅವ್ವನಿಗೆ ಓದಿ ಹೇಳಬೇಡ.

ಡ್ರಾಯಿಂಗ್ ಈಗ ಬಂತು. ತೋಳುಗಳನ್ನು ಹೊಯ್ದು, ಅಳೆದು, ಕಳಿಸಿದ ಮೇಲೆ ಬಂತು. ಯಾರೋ ಅವರಲ್ಲಿ ನನ್ನ ಹಳೆಯ ಮೇಲ್ ಈಗ ನೋಡಿರಬೇಕು. ಯಾರೂ ನೋಡೆಂದು ಹೇಳಿರಲಿಲ್ಲ, ನಾನೇ ತೆಗೆದು ನನ್ನ ಮಾಡೆಲ್ ಪಕ್ಕ ಇಟ್ಟು ನೋಡಿದೆ.

ತೋಳು ಬುಡದ ದಪ್ಪ ಭಾಗಕ್ಕೆ ಸೇರುವ ಒಳಮೂಲೆಯಲ್ಲಿ ಡ್ರಾಯಿಂಗಿನ ಪ್ರಕಾರ ಒಂದು ದುಂಡು ಇರಬೇಕು. ರೇಡಿಯಸ್ ಎನ್ನುತ್ತೇವೆ. ಮಡಿಚಿದ ಮೊಣಕೈಯ ಒಳಗೆ ಇರುವಂಥ ತಿರುವು. ನನ್ನ ಮಾಡೆಲಿನಲ್ಲಿ ಆ ದುಂಡು ಇಲ್ಲ. ಬಿಟ್ಟುಹೋಗಿದ್ದ ಮೈಗಳು ಅವೇ. ರಿಪೇರಿ ಮಾಡು ಎಂದಾಗ ಕಂಪ್ಯೂಟರು ಅಕ್ಕಪಕ್ಕದ ಎರಡು ಮೈಗಳನ್ನು ಎಳೆದು ಒಂದಕ್ಕೊಂದು ಸೇರಿಸಿಬಿಟ್ಟಿದೆ. ಮೂಲೆ ಚಾಕುವಿನ ಬಾಯಿಯ ಹಾಗೆ ಚೂಪಾಗಿದೆ. ಅದರ ಮಟ್ಟಿಗೆ ಮೈ ಮುಚ್ಚಿತು, ಕೆಲಸ ಮುಗಿಯಿತು.

ಡಿಪ್ಲೊಮಾದ ಮೊದಲ ವರ್ಷದಲ್ಲೇ ಇದನ್ನು ಹೇಳಿಕೊಡುತ್ತಾರೆ. ಒಳಮೂಲೆ ಚೂಪಾದರೆ ಬಲವೆಲ್ಲ ಅಲ್ಲಿಗೇ ಬಂದು ಸೇರುತ್ತದೆ, ಬಿರುಕು ಅಲ್ಲಿಂದಲೇ ಹೊರಡುತ್ತದೆ. ಒಂದು ಸಲ ತುಳಿದರೆ ಮುರಿಯುವುದಿಲ್ಲ. ತುಳಿದು ತುಳಿದು ಯಾವತ್ತೋ ಒಂದು ದಿನ.

ನಮ್ಮ ತಪಾಸಣೆಯವರು ರಂಧ್ರ, ಉದ್ದ, ದಪ್ಪ ಅಳೆದಿದ್ದಾರೆ. ಎಲ್ಲ ಸರಿ ಬಂದಿದೆ. ಅವರ ಕೈಯಲ್ಲಿದ್ದದ್ದು ನನ್ನ ಮಾಡೆಲಿನಿಂದ ತೆಗೆದ ಅಳತೆಯಲ್ಲವೆ, ಸರಿ ಬರದೆ ಏನಾಗುತ್ತದೆ.

ಯಾರಿಗೂ ಗೊತ್ತಿಲ್ಲ. ಪರಮಾನಂದ ಸಾರ್ ಮರಳಿ ಬಂದಿದ್ದಾರೆ, ಅವರಿಗೂ ಹೇಳಿಲ್ಲ. ಹೇಳಬೇಕೆಂದು ಅವರ ಮೇಜಿನ ತನಕ ಹೋಗುತ್ತೇನೆ, ಬೇರೆ ಏನೋ ಕೇಳಿ ವಾಪಸು ಬರುತ್ತೇನೆ. ಮೊನ್ನೆ ಚಂದಾಪುರಕ್ಕೆ ಹೋಗುವ ಬಸ್ಸಿನಲ್ಲಿ ಮುಂದೆ ನಿಂತಿದ್ದೆ. ಡ್ರೈವರನ ಕಾಲನ್ನೇ ನೋಡುತ್ತಿದ್ದೆ. ಸಿಗ್ನಲ್ ಬಂದಾಗಲೆಲ್ಲ ಅವನು ಯೋಚನೆಯೇ ಇಲ್ಲದೆ ತುಳಿಯುತ್ತಿದ್ದ. ಕಂಡಕ್ಟರು “ಯಾಕಮ್ಮ, ಏನಾದ್ರೂ ಬಿತ್ತಾ ಅಲ್ಲಿ?” ಎಂದು ಕೇಳಿದ.

ಏನು ಮಾಡಲಿ?

ಗಂಗಾ

•

ರಾಜಗೋಪಾಲನಗರ
29 ಮೇ 2009

ಗಂಗವ್ವಾ,

ಸುಮ್ಮನಿರು.

ನಿನ್ನ ಕಾಗದ ಬಂದ ದಿನದಿಂದ ನನಗೆ ಅನ್ನ ಇಳಿದಿಲ್ಲ. ಅವ್ವ ಏನು ಎಂದು ಕೈಸನ್ನೆ ಮಾಡಿ ಕೇಳಿದಳು, ಹಲ್ಲುನೋವು ಎಂದೆ.

ಫೈಲು ಕೆಡಿಸಿ ಕಳಿಸಿದವರು ಅವರು. ಡ್ರಾಯಿಂಗ್ ತಡ ಮಾಡಿದವರು ಅವರು. ಒತ್ತು ಎಂದವನು ಆ ಹುಡುಗ, ಹಿಂದೆ ನಿಂತಿದ್ದವರು ಮಾಲಕರು. ಇಷ್ಟು ಜನರ ನಡುವೆ ನೀನು ಮಾತ್ರ ಯಾಕೆ ಕೈ ಎತ್ತಬೇಕು? ಎತ್ತಿದ ಕೈಯನ್ನೇ ಎಲ್ಲರೂ ತೋರಿಸುತ್ತಾರೆ. ಹೆಣ್ಣುಮಗಳು, ಹೊಸಬಳು, ಬಡಗಣದವಳು, ಕೆಲಸ ಬಾರದು ಎನ್ನುತ್ತಾರೆ. ಒಂದು ಸಲ ಆ ಮಾತು ಬಿದ್ದರೆ ಪೀಣ್ಯದಿಂದ ಅತ್ತಿಬೆಲೆಯವರೆಗೆ ಎಲ್ಲೂ ಕೆಲಸ ಹುಟ್ಟುವುದಿಲ್ಲ.

ಪರೀಕ್ಷೆಗೆ ಎಂದು ತಾನೆ ತೆಗೆದುಕೊಂಡಿದ್ದಾರೆ? ಪರೀಕ್ಷೆ ಮಾಡಲಿ. ಮುರಿದರೆ ಅವರಿಗೇ ಗೊತ್ತಾಗುತ್ತದೆ. ಮುರಿಯದಿದ್ದರೆ ನೀನು ಸುಮ್ಮನೆ ಹೆದರಿದ ಹಾಗಾಯಿತು.

ಈ ಕಾಗದ ಓದಿ ಹರಿದುಹಾಕು. ನಿನ್ನದನ್ನು ನಾನು ಹರಿದಿದ್ದೇನೆ.

ಅಪ್ಪ

•

ಅತ್ತಿಬೆಲೆ
21 ಜೂನ್ 2009, ಭಾನುವಾರ

ಅಪ್ಪಾ,

ನಿನ್ನೆ ಅವ್ವ ತಾನಾಗಿ ಫೋನ್ ಮಾಡಿದ್ದಳು. ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ: “ನಿಮ್ಮಪ್ಪಗ ಜನವರಿದಾಗs ಬರಬ್ಯಾಡ ಅಂದಾರಂತ. ದಿನಾ ಬುತ್ತಿ ಕಟ್ಟಿಸ್ಕೊಂಡು ಹೊರಗ ಬೀಳತಿದ್ದ. ನಾ ಕೆಲಸಕ್ಕ ಹೋಗ್ಯಾನ ತಿಳಕೊಂಡಿದ್ದೆ. ನಿನ್ನೆ ಪ್ಯಾಟಿಗೆ ಹೋದಾಕಿ ನೋಡ್ತೀನಿ, ಗ್ರಂಥಾಲಯದ ಕಟ್ಟಿಮ್ಯಾಲೆ ಕುಂತು ರೊಟ್ಟಿ ತಿನ್ನಾಕತ್ತಾನ.” ಆಮೇಲೆ ಅವಳು ಅತ್ತಳು. ಬೈಯಲಿಲ್ಲ, ಅಪ್ಪ.

ನನಗೆ ನಿನ್ನ ಮೇಲೆ ಸಿಟ್ಟಿಲ್ಲ. ಸುಮ್ಮನಿರು ಎಂದು ನೀನು ಯಾಕೆ ಬರೆದೆ ಎಂದು ಈಗ ತಿಳಿಯಿತು.

ಸುಮ್ಮನೆ ಇದ್ದೇನೆ.

ಅಂಜನಮ್ಮನವರ ಎಮ್ಮೆ ಕರು ಹಾಕಿದೆ. ಗಿಣ್ಣು ಕೊಟ್ಟರು. ಮೂಗಿಗೆ ಏಲಕ್ಕಿ ವಾಸನೆ ಬಂತು, ರುಚಿ ಗೊತ್ತಾಗಲಿಲ್ಲ.

ಗಂಗಾ

•

ಅತ್ತಿಬೆಲೆ
12 ಜುಲೈ 2009, ಭಾನುವಾರ

ಅಪ್ಪಾ,

ಹೇಳಿಬಿಟ್ಟೆ.

ಸೋಮವಾರ ಸೋಮಪ್ಪನವರು ಎಲ್ಲರಿಗೂ ಮೈಸೂರು ಪಾಕ್ ಹಂಚಿದರು. ಪೆಡಲ್ ತೋಳು ಒಪ್ಪಿಗೆಯಾಗಿದೆ, ದೊಡ್ಡ ಆರ್ಡರ್ ಬರುತ್ತದೆ ಎಂದರು. ಕಂಪನಿಯವರು ಭಾರ ಹಾಕಿ ನೋಡಿದರಂತೆ, ತಡೆಯಿತಂತೆ. ಆಮೇಲೆ ಅವನ್ನು ಕೆಲವು ವ್ಯಾನುಗಳಿಗೆ ಹಾಕಿ ರಸ್ತೆಗೇ ಬಿಟ್ಟಿದ್ದಾರೆ. ನಿಜವಾದ ಓಡಾಟದಲ್ಲಿ ಹೇಗಿರುತ್ತದೆ ನೋಡೋಣವೆಂದು ಆ ವ್ಯಾನುಗಳನ್ನು ಬಾಡಿಗೆ ಓಡಿಸುವವರ ಕೈಗೆ ಕೊಟ್ಟಿದ್ದಾರೆ. ಸಿಹಿ ಕೈಯಲ್ಲಿ ಹಿಡಿದು ನಿಂತಿದ್ದೆ. ಒಂದು ಸಲ ಭಾರ ಹಾಕಿದರೆ ಅದು ತಡೆಯುತ್ತದೆ ಎಂದು ನನಗೆ ಗೊತ್ತು. ಈಗ ಅದು ಯಾರದೋ ಕಾಲ ಕೆಳಗಿದೆ.

ಪರಮಾನಂದ ಸಾರ್ ಮೇಜಿಗೆ ಹೋಗಿ ಡ್ರಾಯಿಂಗನ್ನೂ ನನ್ನ ಮಾಡೆಲನ್ನೂ ತೋರಿಸಿದೆ. ಅವರು ಎರಡನ್ನೂ ಅಕ್ಕಪಕ್ಕ ಇಟ್ಟು ಮತ್ತೆ ಮತ್ತೆ ನೋಡಿದರು. ಆಮೇಲೆ “ಯಾರಿಗೆಲ್ಲ ಹೇಳಿದ್ದೀಯಾ?” ಎಂದರು. ಯಾರಿಗೂ ಇಲ್ಲ ಎಂದೆ. ನಿನ್ನ ಹೆಸರು ಹೇಳಲಿಲ್ಲ.

ಇಬ್ಬರೂ ಸೋಮಪ್ಪನವರ ಕೋಣೆಗೆ ಹೋದೆವು. ಅವರು ಕೂಗಾಡುತ್ತಾರೆ ಎಂದುಕೊಂಡಿದ್ದೆ. ಕೂಗಲಿಲ್ಲ. ಕುರ್ಚಿಯಿಂದ ಎದ್ದು ಬಾಗಿಲು ಹಾಕಿಕೊಂಡು ಬಂದರು.

“ಡೈ ಸರಿ ಮಾಡಬಹುದೇನ್ರಿ?” ಎಂದು ಪರಮಾನಂದ ಸಾರನ್ನು ಕೇಳಿದರು.

“ಮಾಡಬಹುದು ಸಾರ್. ಅಲ್ಲಿ ಕೊರೆದು ರೇಡಿಯಸ್ ಕೊಡಬಹುದು.”

“ಹಂಗಾದ್ರೆ ಸದ್ದಿಲ್ದೆ ಕೊಡಿ. ದೊಡ್ಡ ಆರ್ಡರೆಲ್ಲ ಸರಿಯಾಗಿರೋದೇ ಹೋಗುತ್ತೆ.”

“ಹೋಗಿರೋದು, ಸಾರ್?” ಎಂದೆ ನಾನು.

“ಅವು ಟ್ರಯಲ್ ಗಾಡಿ ಕಣಮ್ಮ. ಸ್ವಲ್ಪ ದಿನ ಓಡಿಸಿ ಬಿಚ್ಚಿಹಾಕ್ತಾರೆ. ಟೆಸ್ಟಲ್ಲಿ ಪಾಸಾಗಿದೆಯಲ್ಲ.”

“ಅಷ್ಟರಲ್ಲಿ ಮುರಿದ್ರೆ?”

ಅವರು ನನ್ನನ್ನು ನೋಡಲಿಲ್ಲ. ಕಿಟಕಿಯಿಂದ ಕೆಳಗಿನ ಶೆಡ್ಡನ್ನು ನೋಡುತ್ತ ಹೇಳಿದರು: “ಈಗ ನಾವೇ ಹೋಗಿ ನಮ್ಮ ಪಾರ್ಟು ಸರಿಯಿಲ್ಲ ಅಂದ್ರೆ ಈ ಆರ್ಡರ್ ಇರುತ್ತಾ? ಕೆಳಗಿರೋರಲ್ಲಿ ಯಾರನ್ನ ಮನೆಗೆ ಕಳಿಸ್ಲಿ, ನೀನೇ ಹೇಳು.”

ನನಗೆ ನೀನು ಕಟ್ಟೆಯ ಮೇಲೆ ಕೂತು ರೊಟ್ಟಿ ತಿನ್ನುವುದು ಕಣ್ಣಿಗೆ ಬಂತು. ಹೊರಗೆ ಬಂದಮೇಲೆ ಪರಮಾನಂದ ಸಾರ್, “ಅವರು ಹೇಳೋದ್ರಲ್ಲೂ ಅರ್ಥ ಇದೆ” ಎಂದರು. ತಮ್ಮ ಮೇಜಿಗೆ ಮರಳುತ್ತ, “ನಂಗೂ ಮನೇಲಿ ತಾಯಿ ಮಲಗಿದ್ದಾರೆ” ಎಂದರು.

ಬರುವ ಗುರುವಾರ ಆ ಕಂಪನಿಯವರು ದೊಡ್ಡ ಆರ್ಡರ್ ಮಾತಾಡಲು ಬರುತ್ತಿದ್ದಾರೆ. ಅವರ ಕ್ವಾಲಿಟಿ ವಿಭಾಗದ ಸವಿತಾ ಮೇಡಂ ಕೂಡ ಬರುತ್ತಾರೆ. ಮಾಡೆಲ್ ತೋರಿಸಲು ನಾನು ಆ ಕೋಣೆಯಲ್ಲಿರಬೇಕು. ಅಲ್ಲೇ ಹೇಳುತ್ತೇನೆ. ಸೋಮಪ್ಪನವರಿಗೆ ಮುಂಚೆಯೇ ತಿಳಿಸಿದ್ದೇನೆ, ನೀವು ಹೇಳದಿದ್ದರೆ ನಾನು ಹೇಳುತ್ತೇನೆ ಎಂದು. ಬೆನ್ನ ಹಿಂದೆ ಮಾಡುವುದು ಬೇಡ ಅನ್ನಿಸಿತು.

ನೀನು ಬೇಡ ಎನ್ನುತ್ತೀಯ, ಗೊತ್ತು. ಆದ್ದರಿಂದ ಕೇಳುತ್ತಿಲ್ಲ, ತಿಳಿಸುತ್ತಿದ್ದೇನೆ.

ಗಂಗಾ

•

ರಾಜಗೋಪಾಲನಗರ
18 ಜುಲೈ 2009, ಶನಿವಾರ

ಗಂಗವ್ವಾ,

ಗುರುವಾರ ನಾನು ಅಲ್ಲಿಗೆ ಬಂದಿದ್ದೆ. ನಿನಗೆ ಗೊತ್ತಿಲ್ಲ.

ಬುಧವಾರ ಮಧ್ಯಾಹ್ನ ನಿನ್ನ ಕಾಗದ ಕೈಗೆ ಬಂತು. ಮರುದಿನ ಬೆಳಿಗ್ಗೆ ಎದ್ದವನೇ ಮೆಜೆಸ್ಟಿಕ್ಕಿಗೆ ಹೋಗಿ ಹೊಸೂರು ರಸ್ತೆಯ ಬಸ್ಸು ಹಿಡಿದೆ. ನೀನು ಬರೆದುಕೊಟ್ಟಿದ್ದ ಕಾರ್ಖಾನೆಯ ವಿಳಾಸ ತೋರಿಸಿ ತೋರಿಸಿ ಹುಡುಕಿದೆ. ನಿನ್ನನ್ನು ಹೊರಗೆ ಕರೆದುಕೊಂಡು ಹೋಗಬೇಕೆಂದೇ ಬಂದಿದ್ದೆ. ಅವ್ವನಿಗೆ ಹುಷಾರಿಲ್ಲ, ಆಸ್ಪತ್ರೆಗೆ ಸೇರಿಸಿದ್ದೇವೆ ಎಂದು ಹೇಳುವವನಿದ್ದೆ. ಆ ಮಾತನ್ನು ಚೀಟಿಯಲ್ಲಿ ಬರೆದುಕೊಂಡೂ ಬಂದಿದ್ದೆ, ನಿನ್ನ ಉತ್ತರ ಕೇಳುವ ಕಷ್ಟ ಬೇಡವೆಂದು. ನೀನು ಓಡಿಬರುತ್ತಿದ್ದೆ. ಆ ಮೀಟಿಂಗು ನೀನಿಲ್ಲದೆ ಮುಗಿಯುತ್ತಿತ್ತು.

ಗೇಟಿನ ಕಾವಲುಗಾರ ಏನೋ ಕೇಳಿದ. ಕಿವಿ ತೋರಿಸಿದೆ. ಒಳ್ಳೆಯವನು, ಒಳಗೆ ಕರೆದುಕೊಂಡು ಹೋಗಿ ಕುರ್ಚಿ ಹಾಕಿದ. ಎದುರಿಗೆ ಗಾಜಿನ ಕೋಣೆ. ನೀನು ಒಳಗಿದ್ದೆ. ನನ್ನ ಕಡೆಗೆ ನಿನ್ನ ಪಕ್ಕ ಮಾತ್ರ ಕಾಣುತ್ತಿತ್ತು. ಚೀಟಿಯನ್ನು ಕಾವಲುಗಾರನ ಕೈಗೆ ಕೊಟ್ಟೆ. ಅವನು ಅದನ್ನು ಮಡಿಚಿದ ಹಾಗೇ ಹಿಡಿದು ಬಾಗಿಲ ಕಡೆಗೆ ನಡೆದ.

ಆಗ ನೀನು ಎದ್ದು ನಿಂತೆ. ಎಡಗೈ ಮಡಿಚಿ, ಬಲಗೈ ಹೆಬ್ಬೆರಳಿಂದ ಮೊಣಕೈಯ ಒಳಗಿನ ಮೂಲೆಯನ್ನು ಎದುರು ಕೂತಿದ್ದ ಹೆಣ್ಣುಮಗಳಿಗೆ ತೋರಿಸಿದೆ. ಏನು ಹೇಳಿದೆಯೋ ನನಗೆ ಕೇಳಿಸಲಿಲ್ಲ. ಒಳಗಿದ್ದವರೆಲ್ಲ ಬರೆಯುವುದನ್ನು ನಿಲ್ಲಿಸಿದರು. ನಿಮ್ಮ ಮಾಲಕರು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. ನೀನು ನಿಲ್ಲಿಸಲಿಲ್ಲ, ಮಾತಾಡುತ್ತಲೇ ಇದ್ದೆ.

ನಾನು ಎದ್ದು ಹೋಗಿ ಕಾವಲುಗಾರನ ತೋಳು ಹಿಡಿದೆ. ಚೀಟಿ ವಾಪಸು ಕೊಡು ಎಂದೆ. ಎಷ್ಟು ಜೋರಾಗಿ ಅಂದೆನೋ, ಅವನು ಬೆಚ್ಚಿದ. ನೀನು ತಿರುಗಲಿಲ್ಲ.

ಹಾಗೇ ಹೊರಟು ಬಂದೆ. ನಿನ್ನ ಮುಂದೆ ನಿಲ್ಲಲು ಆಗಲಿಲ್ಲ. ಬರುವಾಗ ಹೆದರಿಕೆಯಿತ್ತು, ಹೋಗುವಾಗಲೂ ಇತ್ತು. ಈಗ ಬರೆಯುವಾಗಲೂ ಇದೆ. ಸುಮ್ಮನಿರು ಎಂದು ಮಾತ್ರ ಇನ್ನು ಬರೆಯುವುದಿಲ್ಲ.

ಏನಾಯಿತು? ಬೇಗ ಬರೆ. ಅವ್ವ ದಿನಾ ಅಂಚೆಯವನ ದಾರಿ ನೋಡುತ್ತಾಳೆ. ಅವಳಿಗೆ ಎಲ್ಲ ಹೇಳಿದ್ದೇನೆ.

ಅಪ್ಪ

•

ಅತ್ತಿಬೆಲೆ
6 ಸೆಪ್ಟೆಂಬರ್ 2009, ಭಾನುವಾರ

ಅಪ್ಪಾ,

ಅವತ್ತು ನೀನು ಬಂದಿದ್ದೆಯೆಂದು ಕಾವಲುಗಾರ ಸಂಜೆಯೇ ಹೇಳಿದ್ದ. “ನಿಮ್ಮ ತಂದೆ ಬಂದಿದ್ರು, ಏನೋ ಕೊಟ್ರು, ಕಿತ್ಕೊಂಡ್ರು, ಹೋಗ್ಬಿಟ್ರು” ಎಂದ. ನೀನು ಬರೆಯುವ ತನಕ ನನಗೆ ತಲೆಬುಡ ತಿಳಿಯಲಿಲ್ಲ. ಬರೆದ ಮೇಲೆ ನಾನು ಉತ್ತರ ಕೊಡದೆ ಇಷ್ಟು ದಿನ ಇದ್ದೆ. ಫೋನಿನಲ್ಲಿ ಅವ್ವನಿಗೆ ‘ಚೆನ್ನಾಗಿದ್ದೇನೆ’ ಎಂದಷ್ಟೇ ಹೇಳುತ್ತಿದ್ದೆ. ಆಗಬೇಕಾದದ್ದು ಇನ್ನೂ ಆಗಿರಲಿಲ್ಲ, ಏನೆಂದು ಬರೆಯಲಿ.

ಅವತ್ತು ನಾನು ಹೇಳಿ ಮುಗಿಸಿದ ಮೇಲೆ ಸವಿತಾ ಮೇಡಂ ಒಂದೇ ಪ್ರಶ್ನೆ ಕೇಳಿದರು. “ಇದು ನಿಮಗೆ ಯಾವಾಗ ಗೊತ್ತಾಯ್ತು?”

“ಮೇ ತಿಂಗಳಲ್ಲಿ, ಮೇಡಂ.”

“ಇದು ಜುಲೈ.”

ಅಷ್ಟೇ ಅಂದರು. ಬೈದಿದ್ದರೆ ಮರೆಯುತ್ತಿದ್ದೆನೇನೋ. ಆಮೇಲೆ ಹೊರಗೆ ಹೋಗಿ ಫೋನು ಮಾಡಿದರು. ಅವತ್ತು ಸಂಜೆಯಿಂದಲೇ ವ್ಯಾನುಗಳನ್ನು ವಾಪಸು ಕರೆಸತೊಡಗಿದರು.

ಬಂದವುಗಳ ತೋಳು ಬಿಚ್ಚಿ, ಮಷೀನಿಗೆ ಹಾಕಿ, ಕಾಲು ತುಳಿದ ಹಾಗೆ ಮತ್ತೆ ಮತ್ತೆ ತುಳಿಸಿದರಂತೆ. ಆ ಮೂಲೆಯಲ್ಲೇ ಬಿರುಕು ಬಂತು. ಒಂದು ಪೂರ್ತಿ ಮುರಿಯಿತು. ಮುರಿದ ತುಂಡುಗಳ ಫೋಟೊ ನಮ್ಮ ಕಂಪನಿಗೆ ಕಳಿಸಿದರು. ಸೋಮಪ್ಪನವರು ಅದನ್ನು ನೋಡಿ ಕೆಳಗಿಳಿದು ಹೋದರು. ತಮ್ಮ ಕಡೆಯಿಂದ ಹೊರಟ ಫೈಲೇ ಕೆಟ್ಟಿತ್ತೆಂದು ಆ ಕಂಪನಿಯವರೂ ಒಪ್ಪಿಕೊಂಡರು. ಆದ್ದರಿಂದ ಆರ್ಡರ್ ಪೂರ್ತಿ ಕೈಬಿಟ್ಟುಹೋಗಲಿಲ್ಲ. ಅರ್ಧ ಉಳಿಯಿತು, ಅರ್ಧ ಕೊಯಮತ್ತೂರಿನವರಿಗೆ ಹೋಯಿತು. ಶೆಡ್ಡಿನಿಂದ ಸದ್ಯಕ್ಕೆ ಯಾರನ್ನೂ ಕಳಿಸಿಲ್ಲ.

ನನ್ನನ್ನು ಕಳಿಸಿದ್ದಾರೆ. ಈ ತಿಂಗಳ ಕೊನೆಯವರೆಗೆ ಕೆಲಸಕ್ಕೆ ಬರಬಹುದು ಎಂದಿದ್ದಾರೆ. ಸೋಮಪ್ಪನವರೇ ಕರೆದು ಹೇಳಿದರು: “ನೀನು ತಪ್ಪು ಮಾಡಿದೆ ಅಂತ ಅಲ್ಲಮ್ಮ. ನಿನ್ನ ಮುಖ ನೋಡಿದ್ರೆ ನಂಗೆ ಕೆಲ್ಸ ಮಾಡೋಕಾಗ್ತಿಲ್ಲ.” ನಿಜವನ್ನೇ ಹೇಳಿದರು ಅನ್ನಿಸಿತು. ಸಿದ್ಧಾರ್ಥ್ ನನ್ನ ಜೊತೆ ಊಟಕ್ಕೆ ಕೂರುವುದಿಲ್ಲ. ಪರಮಾನಂದ ಸಾರ್ ಹೂಡಿ ಕಡೆಯ ಒಂದು ಡಿಸೈನ್ ಆಫೀಸಿಗೆ ನನ್ನ ಹೆಸರು ಹೇಳಿದ್ದಾರೆ. ಅವರು ಕರೆಯುತ್ತಾರೋ ಇಲ್ಲವೋ ಗೊತ್ತಿಲ್ಲ. ನೀನು ಬರೆದದ್ದು ಸುಳ್ಳಾಗಲಿಲ್ಲ, ಅಪ್ಪ. ಎತ್ತಿದ ಕೈಯನ್ನೇ ತೋರಿಸಿದರು. ಮನೆಯಲ್ಲಿ ಈಗ ಇಬ್ಬರೂ ಕೆಲಸವಿಲ್ಲದವರಾಗುತ್ತೇವೆ. ಅವ್ವನಿಗೆ ಇದನ್ನು ನಾನೇ ಬಂದು ಹೇಳುತ್ತೇನೆ, ನೀನು ಓದಿ ಹೇಳಬೇಡ.

ಆದರೆ ಇಷ್ಟು ದಿನ ಬರೆಯದಿದ್ದದ್ದು ಇದಕ್ಕಲ್ಲ. ಒಂದು ವ್ಯಾನು ಸಿಕ್ಕಿರಲಿಲ್ಲ.

ಎಲ್ಲವೂ ಮರಳಿ ಬಂದಿದ್ದವು, ಅದೊಂದು ಬಂದಿರಲಿಲ್ಲ. ಅದನ್ನು ತೆಗೆದುಕೊಂಡವನು ಮಾಲೂರಿನ ಕಡೆಯ ಯಾರಿಗೋ ಓಡಿಸಲು ಕೊಟ್ಟಿದ್ದನಂತೆ, ಅವನು ಮತ್ತೊಬ್ಬನಿಗೆ ಕೊಟ್ಟಿದ್ದನಂತೆ. ಇದ್ದ ಫೋನ್ ನಂಬರು ತಗಲುತ್ತಿರಲಿಲ್ಲ. ಸವಿತಾ ಮೇಡಂಗೆ ನಾನು ಮೇಲಿಂದ ಮೇಲೆ ಫೋನು ಮಾಡುತ್ತಿದ್ದೆ. ಕೇಳಲು ನನಗೆ ಯಾವ ಹಕ್ಕೂ ಇರಲಿಲ್ಲ. ಅವರು ಪ್ರತಿ ಸಲವೂ “ಇನ್ನೂ ಇಲ್ಲ ಶಿವಗಂಗಾ” ಎಂದು ಇಟ್ಟುಬಿಡುತ್ತಿದ್ದರು. ಅಂಜನಮ್ಮ ಓದಿ ಆದಮೇಲೆ ದಿನಪತ್ರಿಕೆಯನ್ನು ಮೇಲೆ ಕಳಿಸುತ್ತಾರೆ. ಅಪಘಾತದ ಸುದ್ದಿ ಬರುವ ಪುಟವನ್ನೇ ನಾನು ಮೊದಲು ತೆರೆಯುತ್ತಿದ್ದೆ, ವ್ಯಾನು ಎಂಬ ಅಕ್ಷರ ಕಂಡರೆ ಊರಿನ ಹೆಸರು ಓದಲು ಧೈರ್ಯ ಬರುತ್ತಿರಲಿಲ್ಲ.

ನಿನ್ನೆ ಮೇಡಂ ತಾವಾಗಿ ಫೋನು ಮಾಡಿದರು. ಹಿಂದೆ ರಸ್ತೆಯ ಸದ್ದಿತ್ತು.

“ಸಿಕ್ತು” ಎಂದರು. “ಚಿಂತಾಮಣಿ ದಾಟಿ ಒಂದು ಹಳ್ಳಿ. ಮೆಕ್ಯಾನಿಕ್ ಕರ್ಕೊಂಡು ನಾನೇ ಬಂದಿದ್ದೆ. ಬಿಚ್ಚಿ ಬೇರೆ ಹಾಕಿಸ್ದೆ.”

“ಹಳೇದು ಹೇಗಿತ್ತು ಮೇಡಂ?”

“ಬಿರುಕು ಬಿಟ್ಟಿದೆ. ಅರ್ಧದ ತನಕ ಹೋಗಿದೆ. ನನ್ನ ಕೈಯಲ್ಲೇ ಇದೆ.”

ಡ್ರೈವರಿಗೆ ಏನಾದರೂ ಗೊತ್ತಾಯಿತೆ ಎಂದು ಕೇಳಿದೆ. ಇಲ್ಲ, ಕಂಪನಿಯವರು ಬಂದು ಫ್ರೀ ಸರ್ವಿಸ್ ಮಾಡಿಕೊಟ್ಟರು ಎಂದುಕೊಂಡಿದ್ದಾನೆ ಎಂದರು. ಗಾಡಿಯಲ್ಲಿ ಬೇರೆ ಯಾರಾದರೂ ಇದ್ದರೇ ಎಂದು ಕೇಳಿದೆ.

“ಹಿಂದೆ ಪೂರ್ತಿ ಹೂವಿನ ಬುಟ್ಟಿ, ಮಧ್ಯದಲ್ಲಿ ಹೆಂಗಸರು. ಮಾರ್ಕೆಟ್ಟಿಗೆ ಹೊರಟಿದ್ರು” ಎಂದರು ಸವಿತಾ ಮೇಡಂ. “ನಮ್ಮಿಂದ ಲೇಟಾಯ್ತು ಅಂತ ಅವರೆಲ್ಲ ನನ್ನನ್ನ ಚೆನ್ನಾಗಿ ಬೈದು ಹೋದ್ರು.”

ಗಂಗಾ